ನೆರವು ಉಚಿತ, ಆದರೆ ಗಡುವು ಕಾಯುವುದಿಲ್ಲ

ಅಡಿಕೆ ಸುಲಿಯುವ ಯಂತ್ರವೊಂದನ್ನು ಸ್ವಂತ ಬುದ್ಧಿಯಿಂದ ಕಟ್ಟಿದ ಮೆಕ್ಯಾನಿಕ್ ಅದನ್ನು ಕೃಷಿ ಮೇಳಕ್ಕೆ ಒಯ್ಯುತ್ತಾನೆ ಎನ್ನಿ. ಜನ ಮುತ್ತಿಕೊಳ್ಳುತ್ತಾರೆ, ಯಾರೋ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಮುಂದಿನ ಹಂಗಾಮಿಗೆ ಅಂಥದ್ದೇ ಯಂತ್ರ ಬೇರೊಬ್ಬರ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತದೆ. ಆಗ ಪೇಟೆಂಟ್ ಕೇಳಲು ಹೋದರೆ ಸಿಗುವ ಉತ್ತರ ಒಂದೇ: ತಡವಾಯಿತು. ಕೈಯಲ್ಲಿ ಕಾಸಿಲ್ಲದ್ದರಿಂದ ಹಕ್ಕು ತಪ್ಪಿತೆಂದು ಅವನು ಕೊರಗುತ್ತಾನೆ. ಹಕ್ಕು ತಪ್ಪಿದ್ದು ಕಾಸಿಗಲ್ಲ, ದಿನಾಂಕಕ್ಕೆ. ಕಡಿಮೆ ಆದಾಯದವರಿಗೆ ಕಾನೂನು ನೆರವಿನ ಬಾಗಿಲುಗಳು ಹಲವಿವೆ. ಯಾವ ಕೆಲಸಕ್ಕೆ ಯಾವ ಬಾಗಿಲು, ಎಷ್ಟು ದಿನದೊಳಗೆ ಎಂಬುದನ್ನು ತಿಳಿದಿರಬೇಕು.

ಮೊದಲು ಅರ್ಜಿ, ಆಮೇಲೆ ಮೇಳ

1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಆವಿಷ್ಕಾರ ಹೊಸದಾಗಿರಬೇಕು. ಅರ್ಜಿಗೆ ಮುನ್ನ ನೀವೇ ಸಾರ್ವಜನಿಕವಾಗಿ ತೋರಿಸಿದರೂ ಆ ಹೊಸತನ ಹೋಗುತ್ತದೆ. ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆಯಾದರೂ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗಷ್ಟೇ. ಊರ ಮೇಳಕ್ಕಾಗಲಿ ವಾಟ್ಸ್ಆ್ಯಪ್ ವಿಡಿಯೊಗಾಗಲಿ ಅದು ಸಿಗುವುದಿಲ್ಲ.

ಯಂತ್ರ ಪೂರ್ತಿ ಪಳಗಿಲ್ಲವೆಂದು ಕಾಯಬೇಕಾಗಿಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೆ ಆ ದಿನಾಂಕ ನಿಮ್ಮದಾಗುತ್ತದೆ. ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಿಗುತ್ತದೆ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು ಮತ್ತು ಸಣ್ಣ ಉದ್ಯಮಗಳು ಕಟ್ಟಬೇಕಾದ ಮೂಲ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗಳಿಗೆ 8,000. ಆಮೇಲೆ ಪರಿಶೀಲನೆಯ ಕೋರಿಕೆಗೆ 4,000 ರೂಪಾಯಿ ಪ್ರತ್ಯೇಕ. 2024ರ ತಿದ್ದುಪಡಿ ನಿಯಮಗಳ ನಂತರ ಈ ಕೋರಿಕೆಯನ್ನು 31 ತಿಂಗಳೊಳಗೆ ಸಲ್ಲಿಸಬೇಕು. ಮೊದಲಿದ್ದ 48 ತಿಂಗಳ ಲೆಕ್ಕ ಹಿಡಿದು ಕೂತರೆ ಅರ್ಜಿ ಹಿಂತೆಗೆದುಕೊಂಡಂತೆಯೇ. ಕರ್ನಾಟಕದವರ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮಂಜೂರಾದ ಪೇಟೆಂಟ್ ಅರ್ಜಿಯ ದಿನದಿಂದ 20 ವರ್ಷ ಬಾಳುತ್ತದೆ, ನವೀಕರಣ ಶುಲ್ಕ ಕಟ್ಟುತ್ತಿದ್ದರೆ.

ಎಲ್ಲಕ್ಕೂ ಪೇಟೆಂಟ್ ಇಲ್ಲ. ಬೇಸಾಯದ ವಿಧಾನ, ತಲೆಮಾರುಗಳಿಂದ ಬಂದ ಸಾಂಪ್ರದಾಯಿಕ ಜ್ಞಾನ, ಇವು ಮೂರನೇ ಸೆಕ್ಷನ್ನಿನಲ್ಲಿ ಹೊರಗುಳಿದಿವೆ. ಕಸಿ ಕಟ್ಟುವ ವಿಧಾನಕ್ಕೆ ಪೇಟೆಂಟ್ ಸಿಗದು, ಕಸಿ ಕಟ್ಟಲು ನೀವು ಮಾಡಿದ ಹೊಸ ಸಲಕರಣೆಗೆ ಸಿಗಬಹುದು. ರೈತರು ಉಳಿಸಿ ಬೆಳೆಸಿದ ತಳಿಗಳಿಗೆ 2001ರ ಪ್ರತ್ಯೇಕ ಕಾಯ್ದೆಯೇ ಇದೆ. ಅದರಡಿ ನಡೆಯುವ ಕಲಾಪಗಳಲ್ಲಿ ರೈತರು ಶುಲ್ಕ ಕಟ್ಟಬೇಕಿಲ್ಲ.

ಅರ್ಜಿ ಬರೆದುಕೊಡುವವರು ಯಾರು?

ಸರ್ಕಾರಿ ಶುಲ್ಕ ಕಡಿಮೆಯಾದರೂ ವಿವರಣೆ ಬರೆಯುವುದು ಪರಿಣತರ ಕೆಲಸ, ದುಬಾರಿ ಕೂಡ. ಇಲ್ಲಿ ಮೂರು ದಾರಿಗಳಿವೆ.

ಒಂದು, ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ. 2000ದಲ್ಲಿ ಆರಂಭವಾದ, ಗುಜರಾತಿನಲ್ಲಿ ನೆಲೆ ಇರುವ ಈ ಸಂಸ್ಥೆ ಔಪಚಾರಿಕ ತರಬೇತಿಯಿಲ್ಲದ ರೈತರು ಮತ್ತು ಕುಶಲಕರ್ಮಿಗಳ ಆವಿಷ್ಕಾರಗಳನ್ನು ಗುರುತಿಸಿ, ಆಯ್ಕೆಯಾದವುಗಳಿಗೆ ಅವರ ಪರವಾಗಿ ಪೇಟೆಂಟ್ ಅರ್ಜಿ ಹಾಕುತ್ತದೆ.

ಎರಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ. ನಿಮ್ಮಂಥದ್ದು ಈಗಾಗಲೇ ಇದೆಯೇ, ಮುಂದೇನು ಮಾಡಬೇಕು ಎಂಬ ಮಾರ್ಗದರ್ಶನಕ್ಕೆ ಮೊದಲು ಹೋಗಬೇಕಾದ ಜಾಗ ಇದು.

ಮೂರು, ಕೇಂದ್ರ ಸರ್ಕಾರ 2016ರಲ್ಲಿ ತಂದ ಸ್ಟಾರ್ಟ್‌ಅಪ್ ಬೌದ್ಧಿಕ ಆಸ್ತಿ ರಕ್ಷಣೆಯ ಯೋಜನೆ. ಇದರಡಿ ಪಟ್ಟಿಯಲ್ಲಿರುವ ಪರಿಣತರ ಸಂಭಾವನೆಯನ್ನು ಸರ್ಕಾರವೇ ಕೊಡುತ್ತದೆ. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್ ಕಟ್ಟಬೇಕಾದದ್ದು ಸರ್ಕಾರಿ ಶುಲ್ಕವನ್ನು ಮಾತ್ರ. ಇದರ ಅವಧಿ ಕಾಲಕಾಲಕ್ಕೆ ವಿಸ್ತರಣೆಯಾಗುವುದರಿಂದ ಜಾರಿಯಲ್ಲಿದೆಯೇ ಎಂದು ನೋಡಿಕೊಂಡೇ ಹೋಗಿ.

ಅಂಗಡಿಯ ಹೆಸರು, ಉಪ್ಪಿನಕಾಯಿಯ ಬ್ರ್ಯಾಂಡ್ ಕಾಪಾಡಿಕೊಳ್ಳಲು ಬೇಕಾದದ್ದು ಪೇಟೆಂಟ್ ಅಲ್ಲ, ಟ್ರೇಡ್‌ಮಾರ್ಕ್. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ನವೀಕರಿಸುತ್ತ ಹೋಗಬಹುದು.

ಕೋರ್ಟು ಮೆಟ್ಟಿಲು ಹತ್ತಬೇಕಾದಾಗ

ಪೇಟೆಂಟ್ ಅರ್ಜಿ ಬರೆಯುವುದು ಬೇರೆ, ನಕಲು ಮಾಡಿದವನ ಮೇಲೆ ದಾವೆ ಹೂಡುವುದು ಬೇರೆ. ಎರಡನೆಯದಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ನೆರವಿಗೆ ಬರುತ್ತದೆ. ಸಂವಿಧಾನದ 39ಎ ವಿಧಿಯ ಆಶಯ ಕಾರ್ಯರೂಪಕ್ಕೆ ಬಂದದ್ದು ಇದರ ಮೂಲಕ. ಕರ್ನಾಟಕದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದವರು ಇದಕ್ಕೆ ಅರ್ಹರು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯೇ ಇಲ್ಲ. ಹೊಲಿಗೆ ಘಟಕ ನಡೆಸುವ ಮಹಿಳೆ ಎಷ್ಟೇ ಗಳಿಸಲಿ, ನೆರವು ಕೇಳಬಹುದು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿರಬೇಕು, ಅಷ್ಟೆ.

ವಕೀಲರ ಶುಲ್ಕ, ಕೋರ್ಟ್ ಶುಲ್ಕ, ಅರ್ಜಿ ಬರೆಸುವ ವೆಚ್ಚ, ದೃಢೀಕೃತ ಪ್ರತಿಗಳ ಖರ್ಚು ಎಲ್ಲವೂ ಇದರಲ್ಲಿ ಸೇರುತ್ತವೆ. ಅರ್ಜಿಯನ್ನು ಕನ್ನಡದಲ್ಲೇ ತಾಲ್ಲೂಕು ಸಮಿತಿಗೋ ಜಿಲ್ಲಾ ಪ್ರಾಧಿಕಾರಕ್ಕೋ ಕೊಡಬಹುದು. ಎರಡೂ ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ ಇರುತ್ತವೆ. ಆದಾಯದ ಬಗ್ಗೆ ಅಫಿಡವಿಟ್ ಸಾಕು. ಏಳು ದಿನಗಳೊಳಗೆ ತೀರ್ಮಾನವಾಗಬೇಕೆಂಬುದು ನಿಯಮ.

ಸಣ್ಣ ವ್ಯಾಪಾರಿಗಳು ಬಳಸದೆ ಬಿಡುವ ಎರಡು ದಾರಿಗಳಿವೆ. ವಿದ್ಯುತ್, ವಿಮೆ, ಅಂಚೆ, ಸಾರಿಗೆಯಂಥ ಸೇವೆಗಳ ತಕರಾರಿದ್ದರೆ ಕಾಯಂ ಲೋಕ ಅದಾಲತ್ತಿಗೆ ಕೋರ್ಟ್ ಶುಲ್ಕವಿಲ್ಲದೆ ಹೋಗಬಹುದು. ಜೀವನೋಪಾಯದ ಸ್ವಯಂ ಉದ್ಯೋಗಕ್ಕೆಂದು ಕೊಂಡ ಯಂತ್ರ ದೋಷಪೂರಿತವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವೂ ಗ್ರಾಹಕರೇ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ.

ಬಿಲ್ಲಿನ ಹಣ ಬಾರದಿದ್ದರೆ

ಸಣ್ಣ ಕಾರ್ಖಾನೆಗಳನ್ನು ಮುಳುಗಿಸುವುದು ಕಳ್ಳ ನಕಲಿಗಿಂತ ಬಾಕಿ ಬಿಲ್ಲು. 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರ ಒಪ್ಪಂದವಿದ್ದರೂ ಗರಿಷ್ಠ 45 ದಿನ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ಮಾಸಿಕ ಚಕ್ರಬಡ್ಡಿ. ವಸೂಲಿಗೆ ರಾಜ್ಯದ ಸೌಲಭ್ಯ ಮಂಡಳಿಗೆ ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಮಂಡಳಿ ಮೊದಲು ರಾಜಿಗೆ ಯತ್ನಿಸಿ, ಆಗದಿದ್ದರೆ ಮಧ್ಯಸ್ಥಿಕೆ ತೀರ್ಪಿಗೆ (ಆರ್ಬಿಟ್ರೇಷನ್) ಒಪ್ಪಿಸುತ್ತದೆ. ತೀರ್ಪನ್ನು ಪ್ರಶ್ನಿಸಲು ಖರೀದಿದಾರ ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿ ಇಡಬೇಕು.

ಇದಕ್ಕೆಲ್ಲ ಕೀಲಿ ಉದ್ಯಮ್ ನೋಂದಣಿ. ಸರ್ಕಾರಿ ಜಾಲತಾಣದಲ್ಲಿ ಆಧಾರ್, ಪ್ಯಾನ್ ಇದ್ದರೆ ಅದು ಪೂರ್ತಿ ಉಚಿತ. ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡಿ. ಸರಕು ಕಳಿಸಿದ ಮೇಲೆ ನೋಂದಾಯಿಸಿಕೊಂಡವರ ಹಕ್ಕು ವಿವಾದಕ್ಕೆ ಸಿಲುಕುತ್ತದೆ. ಹಾಗಾಗಿ ಮೊದಲ ಬಿಲ್ಲಿಗೆ ಮುಂಚೆಯೇ ಮಾಡಿಸಿ.

ಕೈಯಲ್ಲಿರಬೇಕಾದವು

ಆವಿಷ್ಕಾರದ ರೇಖಾಚಿತ್ರಗಳು ಮತ್ತು ದಿನಾಂಕ ಹಾಕಿದ ಟಿಪ್ಪಣಿ ಪುಸ್ತಕ, ಪಾಲುದಾರರೊಂದಿಗಿನ ಬರಹ ರೂಪದ ಒಪ್ಪಂದ, ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಸರಕು ತಲುಪಿದ ರಸೀದಿ, ಉದ್ಯಮ್ ಪ್ರಮಾಣಪತ್ರ, ಆದಾಯ ಅಥವಾ ಜಾತಿಯ ಪ್ರಮಾಣಪತ್ರ. ಉಚಿತ ವಕೀಲರು ಸಿಕ್ಕರೂ ಕಾಗದವಿಲ್ಲದೆ ಅವರು ಮಾಡುವುದು ಕಡಿಮೆ.

ಯಾವ ಬಾಗಿಲೆಂದು ತೋಚದಿದ್ದರೆ ರಾಷ್ಟ್ರೀಯ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. ನಿಮ್ಮ ಯಂತ್ರವನ್ನು ಯಾರಿಗಾದರೂ ತೋರಿಸುವ ಮುಂಚೆ, ನಿಮ್ಮ ಬಿಲ್ಲು ಹಳೆಯದಾಗುವ ಮುಂಚೆ ಆ ಕರೆ ಮಾಡಿ.