ವಾಹನದ ಆರೈಕೆ ಯಜಮಾನನ ಕೆಲಸ



ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಹಾಕದೆ ಗಾಡಿ ಹೂಡುವ ರೈತ ಇರಲಿಲ್ಲ. ಎತ್ತಿನ ಲಾಳ ಸವೆದಿದೆಯೇ, ಅಚ್ಚು ಗಟ್ಟಿಯಾಗಿದೆಯೇ, ಹಗ್ಗ ನವೆದಿದೆಯೇ ಎಂಬುದನ್ನು ಮನೆಯ ಯಜಮಾನನೇ ಕಣ್ಣಾರೆ ನೋಡುತ್ತಿದ್ದ. ಈಗ ಆ ಗಾಡಿಯ ಜಾಗಕ್ಕೆ ಜೀಪು, ಪಿಕಪ್, ಟ್ರ್ಯಾಕ್ಟರು, ಕಾರುಗಳು ಬಂದಿವೆ. ಆದರೆ ನೋಡುವ ಕೆಲಸವನ್ನು ನಾವು ಚಾಲಕನಿಗೆ ಬಿಟ್ಟಿದ್ದೇವೆ, ಚಾಲಕನು ಮೆಕ್ಯಾನಿಕ್‌ಗೆ ಬಿಟ್ಟಿದ್ದಾನೆ. ಮೆಕ್ಯಾನಿಕ್ ಆದರೋ ವಾಹನವನ್ನು ನೋಡುವುದು ಅದು ಕೆಟ್ಟ ಮೇಲೆ.

ಅಡಿಕೆ ಬೆಳೆಗಾರನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನಾವು ಮಳೆ ಹಿಡಿಯುವ ಮುನ್ನವೇ ಸಿಂಪಡಿಸುತ್ತೇವೆ. ಕಾಯಿ ಉದುರಲು ತೊಡಗಿದ ಮೇಲೆ ಮೈಲುತುತ್ತ ಕದಡಿದರೆ ಉದುರಿದ ಕಾಯಿ ಮರ ಹತ್ತುವುದಿಲ್ಲ. ವಾಹನದ ಆರೈಕೆಯೂ ಹೀಗೆಯೇ. ವ್ಯತ್ಯಾಸವೊಂದೇ: ಅಲ್ಲಿ ಹೋಗುವುದು ಫಸಲು, ಇಲ್ಲಿ ಹೋಗುವುದು ಜೀವ.

ಮನೆ ಒಂದು ಕಡೆ, ತೋಟ ಮತ್ತೊಂದು ಕಡೆ ಇರುವವರು ಎರಡು ಬಗೆಯ ರಸ್ತೆಗಳಲ್ಲಿ ಓಡಾಡಬೇಕಾಗುತ್ತದೆ. ಕಲ್ಲೋಳಿ, ಗೋಕಾಕ, ಮೂಡಲಗಿ, ಹುಕ್ಕೇರಿಯ ಬಯಲಿನಲ್ಲಿ ಕಬ್ಬಿನ ಹಂಗಾಮಿನ ರಾತ್ರಿಗಳು ಅಪಾಯದವು. ಮಲೆನಾಡಿನಲ್ಲಿ ಘಟ್ಟದ ಇಳಿಜಾರು ಅಪಾಯದ್ದು. ಎರಡೂ ಕಡೆ ನಡೆದುದನ್ನು ಮರೆಯಬಾರದು. 2022ರ ಜೂನ್ 26ರಂದು ಗೋಕಾಕ ತಾಲ್ಲೂಕಿನ ಅಕ್ಕತಂಗಿಯರಹಾಳದ ಕಡೆಯಿಂದ ಬೆಳಗಾವಿಗೆ ಕೆಲಸಕ್ಕೆ ಹೊರಟಿದ್ದ ಕೂಲಿಕಾರರ ಕ್ರೂಸರ್ ವಾಹನ ಕಣಬರ್ಗಿ ಸಮೀಪ ನಾಲೆಗೆ ಉರುಳಿ ಕನಿಷ್ಠ 7 ಮಂದಿ ತೀರಿಕೊಂಡರು. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟದ ಬಳಿ ಕಣಿವೆಗೆ ಬಿದ್ದು, ಸರಕಿನೊಡನೆ ಕುಳಿತಿದ್ದ 10 ಮಂದಿ ವ್ಯಾಪಾರಿಗಳು ಮಡಿದರು. ಇವರೆಲ್ಲ ದುಡಿಮೆಗೆ ಹೊರಟವರು, ನಮ್ಮ ನಿಮ್ಮಂಥವರು. ಆದ್ದರಿಂದ ಪ್ರತಿಯೊಬ್ಬ ವಾಹನದ ಯಜಮಾನನು ತಾನೇ ನೋಡಬೇಕಾದ ಐದು ಸಂಗತಿಗಳನ್ನು ಇಲ್ಲಿ ಕೊಟ್ಟಿದೆ.

1. ಬ್ರೇಕು

ಬ್ರೇಕಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣದ್ದು. ‘ಡಾಟ್ 3’ ಗುರುತಿನ ಹೊಸ ಎಣ್ಣೆ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ತೇವ ಹೀರಿದ ಮೇಲೆ ಅದೇ ಎಣ್ಣೆ 140 ಡಿಗ್ರಿಯ ಹೊತ್ತಿಗೇ ಕುದಿಯಬಹುದು. ಘಟ್ಟ ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿದರೆ ಅಷ್ಟು ಕಾವು ಹುಟ್ಟುತ್ತದೆ. ಎಣ್ಣೆ ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುತ್ತದೆ, ಬ್ರೇಕು ಹಿಡಿಯುವುದಿಲ್ಲ. ಆದುದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕಿನ ಎಣ್ಣೆಯನ್ನು ಪೂರ್ತಿ ಬದಲಾಯಿಸಿರಿ. ಪೆಡಲು ಮೆತ್ತಗಾದರೆ, ವಾಹನ ಒಂದು ಪಕ್ಕಕ್ಕೆ ಎಳೆದರೆ, ಕೀರಲು ಸದ್ದು ಬಂದರೆ ಅಂದೇ ತೋರಿಸಿರಿ.

ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು ಇರಲಿ. ಎಂಜಿನ್ನೇ ಅರ್ಧ ಭಾರ ಹಿಡಿದು ನಿಲ್ಲಿಸುತ್ತದೆ. ಡೀಸೆಲ್ ಉಳಿತಾಯವೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿಯನ್ನು ಬಿಡಲೇಬೇಕು. ಎಂಜಿನ್ ಆರಿಸಿದರಂತೂ ಬ್ರೇಕಿಗೆ ಸಿಗುವ ಸಹಾಯ ಕೆಲವೇ ತುಳಿತಗಳಲ್ಲಿ ತೀರುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಉಳಿದ ಒಂದು ಲೋಟ ಡೀಸೆಲ್‌ಗೆ ಇದು ಬಹಳ ದುಬಾರಿ ಬೆಲೆ.

2. ಟಯರು

ಟಯರಿನ ಗಾಡಿಗಳಲ್ಲಿ ಅಲ್ಲಲ್ಲಿ ಚಿಕ್ಕ ರಬ್ಬರ್ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆಯೆಂದು ಅರ್ಥ. ಅಲ್ಲಿಗೆ ಆ ಟಯರಿನ ಆಯುಷ್ಯ ಮುಗಿಯಿತು. ಮಳೆಗಾಲದ ಕೆಸರು, ಜಾರು ರಸ್ತೆಗೆ ಅದಕ್ಕೆ ಮುಂಚೆಯೇ ಬದಲಿಸುವುದು ಲೇಸು. ಗಾಳಿಯ ಒತ್ತಡವನ್ನು ಟಯರು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುನ್ನ ನೋಡಿಸಿರಿ. ಎಷ್ಟಿರಬೇಕೆಂಬುದನ್ನು ವಾಹನದ ಕೈಪಿಡಿಯಲ್ಲಿ, ಹಲವು ವಾಹನಗಳಲ್ಲಿ ಬಾಗಿಲಿನ ಚೌಕಟ್ಟಿನ ಮೇಲೆಯೂ, ಬರಿದಿಗೆ ಒಂದು, ಹೊರೆಗೆ ಒಂದು ಎಂದು ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಸ್ಟೆಪ್ನಿಯನ್ನು ಮರೆಯದಿರಿ. ಬೇಕಾದಾಗ ಅದರಲ್ಲೇ ಗಾಳಿ ಇಲ್ಲದಿರುವುದು ಬಲು ಸಾಮಾನ್ಯ.

3. ದೀಪ

ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಇಷ್ಟು ದೂರ ಸಂದಿರುತ್ತದೆ. ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಒಟ್ಟು 50 ಮೀಟರ್ ಆಸುಪಾಸು ಬೇಕು. ಎದುರಿನವರ ಸಲುವಾಗಿ ದೀಪ ತಗ್ಗಿಸಿದಾಗ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ. ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಅಲ್ಲಿ ನಿಂತಿದ್ದರೆ ಎಂಥ ನಿಪುಣ ಚಾಲಕನಿಗೂ ಉಪಾಯವಿಲ್ಲ.

ಆದುದರಿಂದ ಟ್ರೇಲರ್ ಇರುವವರು ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ ಹೊಳೆಯುವ ಪಟ್ಟಿಗಳನ್ನು ಅಂಟಿಸಿ, ಅವುಗಳ ಮೇಲಿನ ಕೆಸರನ್ನು ಪ್ರತಿ ದಿನ ಒರೆಸಿರಿ. ಕಬ್ಬಿನ ಸೋಗೆ ಇಳಿಬಿದ್ದು ಪಟ್ಟಿ ಮುಚ್ಚಿದ್ದರೆ ಅಂಟಿಸಿಯೂ ಫಲವಿಲ್ಲ. ವಾಹನ ಕೆಟ್ಟು ನಿಂತರೆ ಹೊಳೆಯುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿರಿ. ರಸ್ತೆಗೆ ಕಲ್ಲುಗಳನ್ನು ಅಡ್ಡವಿಟ್ಟು, ರಿಪೇರಿಯಾದ ಮೇಲೆ ಹಾಗೆಯೇ ಬಿಟ್ಟು ಹೋಗುವುದು ಮುಂದಿನ ಮೋಟಾರ್ ಸೈಕಲ್ ಸವಾರನಿಗೆ ಮೃತ್ಯುವನ್ನು ಇಟ್ಟು ಹೋದಂತೆ.

4. ಎಣ್ಣೆ, ನೀರು, ಬ್ಯಾಟರಿ

ಎಂಜಿನ್ ಎಣ್ಣೆಯನ್ನು ಸಮತಟ್ಟು ನೆಲದಲ್ಲಿ, ಎಂಜಿನ್ ನಿಲ್ಲಿಸಿ ಕೆಲ ನಿಮಿಷ ಬಿಟ್ಟು ಅಳತೆಯ ಕಡ್ಡಿಯಿಂದ ನೋಡಬೇಕು. ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರಿರಬಹುದು. ವಾಹನವನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿರಿ. ಕಾದ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ನೀರು ಹಾಕುವ ಬಗೆಯ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರೇ ಆಗಬೇಕು, ಬೋರ್‌ವೆಲ್ ನೀರು ಕೂಡದು.

5. ಹೊರೆ ಮತ್ತು ಜನ

ಇದೇ ಎಲ್ಲಕ್ಕಿಂತ ಮುಖ್ಯವಾದುದು. ಕಾಫಿ ಕೊಯ್ಲು, ಅಡಿಕೆ ಕೊಯ್ಲು, ಕಬ್ಬು ಕಡಿಯುವ ಹಂಗಾಮಿನಲ್ಲಿ ಆಳುಗಳನ್ನು ಪಿಕಪ್‌ನಲ್ಲಿ, ಮೂಟೆಗಳ ಮೇಲೆ ಕೂರಿಸಿ ಕರೆತರುವುದು ಎಲ್ಲರಿಗೂ ರೂಢಿಯಾಗಿದೆ. ಎತ್ತರಕ್ಕೆ ಹೇರಿದ ಹೊರೆ ತಿರುವಿನಲ್ಲಿ ವಾಹನವನ್ನು ಮಗುಚಲು ನೋಡುತ್ತದೆ. ಅದರ ಮೇಲೆ ಕುಳಿತವರಿಗೆ ಹಿಡಿಯಲು ಆಸರೆಯಿಲ್ಲ, ಉರುಳಿದರೆ ಮೂಟೆಗಳೇ ಅವರ ಮೇಲೆ ಬೀಳುತ್ತವೆ. ಕಾನೂನಿನ ಮಾತೂ ತಿಳಿದಿರಲಿ. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಕೂರಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆಶಾರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಂದರೆ ಪರಿಹಾರದ ಭಾರ ವಾಹನದ ಮಾಲೀಕನ ಮೇಲೆಯೇ ಬೀಳಬಹುದು; ಒಂದೆರಡು ಎಕರೆಯವನು ತೋಟ ಮಾರಬೇಕಾದೀತು. ಹಣದ ಮಾತು ಹಾಗಿರಲಿ, ಬೆಳಿಗ್ಗೆ ನಮ್ಮನ್ನು ನಂಬಿ ಹತ್ತಿದವರ ಮನೆಗೆ ಸಂಜೆ ಯಾವ ಮುಖ ಹೊತ್ತು ಹೋಗುವುದು? ನಾಲ್ಕು ಜನ ಬೆಳೆಗಾರರು ಸೇರಿ, ಜನರನ್ನು ಕೊಂಡೊಯ್ಯಲು ಪರವಾನಗಿಯುಳ್ಳ ವಾಹನವನ್ನು ಹಂಗಾಮಿಗೆ ಗೊತ್ತು ಮಾಡಿಕೊಂಡರೆ ತಲಾ ಬೀಳುವ ಖರ್ಚು ಹಂಚಿಹೋಗುತ್ತದೆ. ಸಹಕಾರವೆಂದರೆ ಇದೂ ಒಂದು.

ಇನ್ನೊಂದು ಮಾತು. ‘ಬ್ರೇಕು ಸರಿಯಿಲ್ಲ, ಇವತ್ತು ಬೇಡ’ ಎನ್ನುವ ಚಾಲಕನನ್ನು, ಮಾರುಕಟ್ಟೆಗೆ ಹೊತ್ತಾಗುತ್ತದೆಂದು ಗದರಿಸಿ ಕಳಿಸುವ ಯಜಮಾನರಿದ್ದಾರೆ. ಅಂಥ ಚಾಲಕನ ಬೆನ್ನು ತಟ್ಟಬೇಕು. ಒಂದು ದಿನದ ಧಾರಣೆ ತಪ್ಪಿದರೆ ಮರುದಿನ ಸಿಕ್ಕೀತು.

ಪ್ರತಿ ದಿನ ಹೊರಡುವ ಮುನ್ನ ಐದು ನಿಮಿಷ ಬ್ರೇಕು, ಟಯರು, ದೀಪ. ವಾರಕ್ಕೊಮ್ಮೆ ಎಣ್ಣೆ, ನೀರು, ಗಾಳಿ. ಕಾರಹುಣ್ಣಿಮೆಯ ಹೊತ್ತಿಗೆ, ಮಳೆಗೆ ಮೊದಲು ಪೂರ್ತಿ ತಪಾಸಣೆ. ಖಂಡೇಪೂಜೆಯ ದಿನ ವಾಹನ ತೊಳೆದು, ಹೂ ಮುಡಿಸಿ, ಗಾಲಿಗೆ ನಿಂಬೆಹಣ್ಣು ಇಡುತ್ತೇವಲ್ಲವೇ? ಆ ನಿಂಬೆಹಣ್ಣಿಡಲು ಬಗ್ಗಿದಾಗ ಟಯರಿನ ದಿಂಡನ್ನೂ ಒಮ್ಮೆ ನೋಡಿರಿ.

— ಕಾರ್ಯದರ್ಶಿ