ಮೂಲಗ್ರಂಥದ ಅಧ್ಯಯನ: ಸಿದ್ಧ ಸಾರಾಂಶದ ಹಂಗೇಕೆ?



ಉದ್ಯೋಗನಿಮಿತ್ತವಾಗಿ ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳಿಗೆ ಶ್ರೀಮದ್ಭಗವದ್ಗೀತೆಯು ಈಗ ಎರಡು ದ್ವಾರಗಳಿಂದ ದೊರೆಯುತ್ತಿದೆ. ಮೊದಲನೆಯದು ಮನೆಯ ಹಿರಿಯರ ಪಾರಾಯಣ, ಎರಡನೆಯದು ಶಾಲೆ. 6ರಿಂದ 12ನೆಯ ತರಗತಿಯವರೆಗೆ ಗೀತೆಯನ್ನು ಪಾಠಕ್ರಮದಲ್ಲಿ ಸೇರಿಸುವುದಾಗಿ ಗುಜರಾತ್ ಸರಕಾರವು 2022ರ ಮಾರ್ಚ್ ತಿಂಗಳಿನಲ್ಲಿ ಘೋಷಿಸಿತು. ಇದು ಸಂತೋಷದ ಸಂಗತಿ. ಆದರೆ ಯಾವ ಗ್ರಂಥವು ಪಠ್ಯವಾಗುವುದೋ ಅದರ ಬೆನ್ನಿಗೇ ಗೈಡುಗಳು, ಪ್ರಶ್ನೋತ್ತರಮಾಲೆಗಳು, ಹತ್ತು ಸಾಲಿನ ಸಾರಾಂಶಗಳು ಹೊರಡುತ್ತವೆ. ಈಚೆಗಂತೂ ಕೈಯಲ್ಲಿರುವ ಫೋನಿಗೆ ಪ್ರಶ್ನೆ ಹಾಕಿದರೆ ಬೇಕಾದ ಭಾಷೆಯಲ್ಲಿ ಕ್ಷಣಮಾತ್ರದಲ್ಲಿ ಸಾರಾಂಶವು ಸಿದ್ಧವಾಗುತ್ತದೆ. "ಪುಸ್ತಕ ತೆರೆಯದೆಯೇ ಅಂಕಗಳು ಬರುತ್ತಿರುವಾಗ ಮೂಲವನ್ನೇಕೆ ಓದಬೇಕು, ಅಜ್ಜ?" ಎಂದು ಮಕ್ಕಳು ಕೇಳುತ್ತಾರೆ. ಗದರಿಸಿ ಸುಮ್ಮನಾಗಿಸುವುದು ಇದಕ್ಕೆ ಉತ್ತರವಲ್ಲ. ಯುಕ್ತಿಯಿಂದಲೇ ಸಮಾಧಾನ ಹೇಳಬೇಕು.

ಸಾರಾಂಶದಲ್ಲಿ ಕಳೆದುಹೋಗುವುದೇನು?

ಗೀತೆಯ 2ನೆಯ ಅಧ್ಯಾಯದ 47ನೆಯ ಶ್ಲೋಕವನ್ನೇ ತೆಗೆದುಕೊಳ್ಳೋಣ. ಸಾರಾಂಶಗಳಲ್ಲಿ ಇದರ ಅರ್ಥವು ಸಾಮಾನ್ಯವಾಗಿ "ಫಲವನ್ನು ಬಯಸದೆ ಕರ್ಮವನ್ನು ಮಾಡು" ಎಂಬಷ್ಟಕ್ಕೇ ಮುಗಿಯುತ್ತದೆ. ಮೂಲದಲ್ಲಾದರೋ ನಾಲ್ಕು ಪಾದಗಳಿವೆ, ನಾಲ್ಕು ಮಾತುಗಳಿವೆ. ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ. ಫಲಗಳಲ್ಲಿ ಎಂದಿಗೂ ಇಲ್ಲ. ಕರ್ಮಫಲಕ್ಕೆ ನೀನು ಹೇತುವಾಗಬೇಡ. ಕರ್ಮವನ್ನು ಮಾಡದಿರುವುದರಲ್ಲಿಯೂ ನಿನಗೆ ಆಸಕ್ತಿ ಬೇಡ. ಸಾರಾಂಶದಲ್ಲಿ ಬಿಟ್ಟುಹೋಗುವುದು ಈ ನಾಲ್ಕನೆಯ ಮಾತು.

ಇದು ಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ಅದೇ ಅಧ್ಯಾಯದ 9ನೆಯ ಶ್ಲೋಕಕ್ಕೆ ಹಿಂದಿರುಗಿ ನೋಡಬೇಕು. ಅರ್ಜುನನು ತಾನು ಯುದ್ಧ ಮಾಡುವುದಿಲ್ಲವೆಂದು ಹೇಳಿ ಮೌನವಾದನೆಂದು ಅಲ್ಲಿದೆ. ಕರ್ಮವನ್ನು ಬಿಟ್ಟು ಕುಳಿತವನ ಎದುರಿಗೆ ಈ ಉಪದೇಶವು ನಡೆಯುತ್ತಿದೆ. ಅವನ ಅಂದಿನ ಸ್ಥಿತಿಗೆ ನೇರವಾದ ಉತ್ತರವು ನಾಲ್ಕನೆಯ ಪಾದದಲ್ಲಿಯೇ ಇದೆ. ಗೈಡನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ "ಈ ಮಾತನ್ನು ಶ್ರೀಕೃಷ್ಣನು ಅರ್ಜುನನಿಗೆ ಆಗಲೇ ಏಕೆ ಹೇಳಿದನು?" ಎಂದು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಮೂಲವನ್ನು ಓದಿದವನಿಗೆ ಹೊಳೆಯುತ್ತದೆ.

ಈ ವಿಷಯವು ಶಾಸ್ತ್ರಕ್ಕೆ ಮಾತ್ರ ಸೀಮಿತವಲ್ಲ. ನಾವು ಸೇವೆಯಲ್ಲಿದ್ದ ರೈಲ್ವೆ ಇಲಾಖೆಯಲ್ಲಿ ನಿಯಮಗ್ರಂಥವೊಂದಿದೆ. "ಕೆಂಪು ಸಿಗ್ನಲ್ ಕಂಡರೆ ನಿಲ್ಲು" ಎಂಬುದು ಅದರ ಸಾರಾಂಶ, ಸುಳ್ಳೇನಲ್ಲ. ಆದರೆ ಸ್ವಯಂಚಾಲಿತ ಸಿಗ್ನಲ್ ಕೆಂಪಾಗಿದ್ದರೆ ಹಗಲಿನಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ನಿಂತು, ಅನಂತರ ಅತ್ಯಂತ ಎಚ್ಚರಿಕೆಯಿಂದ ಮುಂದುವರಿಯಬಹುದು. ನಿಲ್ದಾಣದ ಹೋಮ್ ಸಿಗ್ನಲ್ ಕೆಂಪಾಗಿದ್ದರೆ ಅಧಿಕೃತ ಅನುಮತಿಯಿಲ್ಲದೆ ದಾಟಲಾಗದು. ಸಾರಾಂಶವನ್ನು ಮಾತ್ರ ಬಲ್ಲವನಿಗೆ ಎರಡೂ ಕೆಂಪು ಒಂದೇ. ಮೂಲದ ಭೇದಗಳನ್ನು ಬಲ್ಲವನ ಕೈಯಲ್ಲಿ ಮಾತ್ರ ಗಾಡಿಯನ್ನು ಒಪ್ಪಿಸುತ್ತಾರೆ.

ಆಚಾರ್ಯರೂ ಸಂಗ್ರಹ ಮಾಡಲಿಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಶ್ರೀಮದಾಚಾರ್ಯರು ಬ್ರಹ್ಮಸೂತ್ರಗಳ ನಾಲ್ಕು ಅಧ್ಯಾಯಗಳ ಸಾರವನ್ನು ಅಣುಭಾಷ್ಯದಲ್ಲಿ ಕೆಲವೇ ಶ್ಲೋಕಗಳಲ್ಲಿ ಸಂಗ್ರಹಿಸಿದ್ದಾರೆ. ಶ್ರೀರಾಘವೇಂದ್ರಸ್ವಾಮಿಗಳು ಶ್ರೀಕೃಷ್ಣಚಾರಿತ್ರ್ಯಮಂಜರಿಯನ್ನು ರಚಿಸಿದ್ದಾರೆ. ಹಾಗಾದರೆ ಸಂಗ್ರಹವು ದೋಷವೆನ್ನುವುದು ಹೇಗೆ?

ದೋಷವೆಂದು ನಾವು ಹೇಳುತ್ತಿಲ್ಲ. ಅಣುಭಾಷ್ಯವನ್ನು ಕೊಟ್ಟ ಆಚಾರ್ಯರೇ ಸೂತ್ರಭಾಷ್ಯವನ್ನೂ ಅನುವ್ಯಾಖ್ಯಾನವನ್ನೂ ಕೊಟ್ಟಿದ್ದಾರೆ. ಒಂದು ಇನ್ನೊಂದರ ಸ್ಥಾನವನ್ನು ಕಸಿಯಲಿಲ್ಲ. ಅಲ್ಲದೆ ಅಣುಭಾಷ್ಯವನ್ನು ಅರ್ಥಮಾಡಿಕೊಳ್ಳಲು ರಾಯರ ತತ್ತ್ವಮಂಜರಿಯಂತಹ ವ್ಯಾಖ್ಯಾನವೇ ಬೇಕಾಯಿತು. ನಿಜವಾದ ಸಂಗ್ರಹವು ಓದುವ ಶ್ರಮವನ್ನು ತಪ್ಪಿಸುವುದಿಲ್ಲ. ಓದಿದ್ದನ್ನು ನೆನಪಿನಲ್ಲಿ ನಿಲ್ಲಿಸುತ್ತದೆ. ಗೈಡಿನ ಸಾರಾಂಶವಾದರೋ ಓದದವನಿಗೆ ಓದಿದವನ ವೇಷ ತೊಡಿಸುತ್ತದೆ.

ಇನ್ನೊಂದು ಮಾತು. ಟೀಕಾಚಾರ್ಯರಾದ ಶ್ರೀಜಯತೀರ್ಥರು ಪೂರ್ವಪಕ್ಷವನ್ನು ಅದರ ಬಲವೆಲ್ಲ ತೋರುವಂತೆ ನಿರೂಪಿಸಿ, ಆಮೇಲೆ ಸಿದ್ಧಾಂತವನ್ನು ಹೇಳುತ್ತಾರೆ. ಸಾರಾಂಶಕಾರನು ಮೊದಲು ಕತ್ತರಿಸುವುದು ಈ ಪೂರ್ವಪಕ್ಷವನ್ನೇ. ಪ್ರಶ್ನೆಯೇ ಇಲ್ಲದ ಉತ್ತರವನ್ನು ಕಲಿತ ಮಗುವು ನಾಳೆ ಸಹಪಾಠಿಯೊಬ್ಬನು ಎದುರುಪ್ರಶ್ನೆ ಹಾಕಿದಾಗ ತಡವರಿಸುತ್ತದೆ. ಪರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇಂತಹ ಪ್ರಸಂಗಗಳು ಹೆಚ್ಚು.

ಅಧ್ಯಯನದ ಕ್ರಮ

ನಮ್ಮ ಪೂರ್ವಿಕರು ವ್ಯಾಖ್ಯಾನಕ್ಕೆ ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂಬ ಐದು ಲಕ್ಷಣಗಳನ್ನು ಹೇಳಿದ್ದಾರೆ. ಅದನ್ನೇ ವಿದ್ಯಾರ್ಥಿಗಳಿಗೆ ಒಪ್ಪುವಂತೆ ಹೀಗೆ ಅಳವಡಿಸಿಕೊಳ್ಳಬಹುದು.

1. ಯಾವ ಅನುವಾದವನ್ನೂ ನೋಡುವ ಮೊದಲು ಮೂಲವನ್ನು ಎರಡು ಬಾರಿ ಗಟ್ಟಿಯಾಗಿ ಓದಬೇಕು. ಸಂಧಿಗಳನ್ನು ಬಿಡಿಸಿ ಬರೆಯಬೇಕು.

2. ತಿಳಿಯದ ಪದಗಳಿಗೆ ಅಡಿಗೆರೆ ಎಳೆದು ನಿಘಂಟಿನಲ್ಲಿ ಅರ್ಥವನ್ನು ಹುಡುಕಬೇಕು. ಸಮಾಸವಿದ್ದರೆ ಬಿಡಿಸಿಕೊಳ್ಳಬೇಕು.

3. ಕ್ರಿಯಾಪದವನ್ನು ಮೊದಲು ಹಿಡಿದು ಯಾರು, ಯಾರಿಗೆ, ಯಾವಾಗ ಹೇಳುತ್ತಿದ್ದಾರೆಂದು ಗೊತ್ತುಮಾಡಿಕೊಳ್ಳಬೇಕು.

4. ಪುಸ್ತಕವನ್ನು ಮುಚ್ಚಿ, ತಮಗೆ ತಿಳಿದದ್ದನ್ನು ಐದು ವಾಕ್ಯಗಳಲ್ಲಿ ತಾವೇ ಬರೆಯಬೇಕು. ಕನ್ನಡವಾಗಲಿ, ಗುಜರಾತಿಯಾಗಲಿ, ಚಿಂತೆಯಿಲ್ಲ.

5. ಒಂದಾದರೂ ಪ್ರಶ್ನೆಯನ್ನು ಎತ್ತಬೇಕು. ಆಮೇಲೆ ವ್ಯಾಖ್ಯಾನವನ್ನೂ, ಕೊನೆಯಲ್ಲಿ ಬೇಕಿದ್ದರೆ ಗೈಡನ್ನೂ ತೆರೆದು ತಮ್ಮ ಬರಹದೊಡನೆ ಹೋಲಿಸಬೇಕು. ಆಗ ಗೈಡು ಯಜಮಾನನಾಗಿರದೆ ಸಾಕ್ಷಿಯಾಗುತ್ತದೆ.

ಇಡೀ ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಿವೆ. ಮಕ್ಕಳಿಗೆ ಮೊದಲ ಎರಡು ಸಾಕು. ಉಪಕ್ರಮದಲ್ಲಿ ಯುದ್ಧ ಮಾಡೆನೆಂದವನು 18ನೆಯ ಅಧ್ಯಾಯದ 73ನೆಯ ಶ್ಲೋಕದಲ್ಲಿ ನಿನ್ನ ಮಾತಿನಂತೆ ನಡೆಯುವೆನೆನ್ನುತ್ತಾನೆ. ನಡುವೆ 2, 3, 8 ಮತ್ತು 11ನೆಯ ಅಧ್ಯಾಯಗಳಲ್ಲಿ ಯುದ್ಧ ಮಾಡೆಂಬ ಮಾತು ಮತ್ತೆ ಮತ್ತೆ ಬಂದಿದೆ, ಇದೇ ಅಭ್ಯಾಸ. ಈ ಎರಡನ್ನು ಸ್ವತಃ ಗುರುತಿಸಿದ ವಿದ್ಯಾರ್ಥಿಯು, ಗೀತೆಯು ಕರ್ತವ್ಯತ್ಯಾಗವನ್ನು ಬೋಧಿಸುತ್ತದೆಂದು ಯಾರು ಹೇಳಿದರೂ ನಂಬುವುದಿಲ್ಲ.

ಈ ನಾಡಿನ ಆದರ್ಶಗಳು

ಈ ಕ್ರಮವು ಶಾಲೆಯ ಯಾವ ಪಾಠಕ್ಕೂ ಸಲ್ಲುತ್ತದೆ. ಗೋವರ್ಧನರಾಮ ತ್ರಿಪಾಠಿಯವರ 'ಸರಸ್ವತೀಚಂದ್ರ'ವು 1887ರಿಂದ 1901ರವರೆಗೆ ನಾಲ್ಕು ಭಾಗಗಳಲ್ಲಿ ಪ್ರಕಟವಾದ ಮಹಾಕಾದಂಬರಿ. ಅದರ ಕಥೆಯನ್ನು ಒಂದು ಪುಟದಲ್ಲಿ ಓದಿದರೆ ಕಥೆ ತಿಳಿದೀತು, ಗ್ರಂಥ ತಿಳಿಯದು. ಸೂರತ್ತಿನ ಕವಿ ನರ್ಮದರು ಏಕಾಂಗಿಯಾಗಿ ದುಡಿದು 1873ರಲ್ಲಿ 'ನರ್ಮಕೋಶ'ವೆಂಬ ಗುಜರಾತಿ ನಿಘಂಟನ್ನು ಹೊರತಂದರು. ವಡೋದರೆಯ ಪ್ರಾಚ್ಯವಿದ್ಯಾಮಂದಿರದ ವಿದ್ವಾಂಸರು ಹಸ್ತಪ್ರತಿಗಳನ್ನು ಪಾಠಪಾಠವಾಗಿ ಹೋಲಿಸಿ ವಾಲ್ಮೀಕಿರಾಮಾಯಣದ ಪರಿಷ್ಕೃತ ಆವೃತ್ತಿಯನ್ನು 1960ರಿಂದ 1975ರ ಅವಧಿಯಲ್ಲಿ 7 ಸಂಪುಟಗಳಲ್ಲಿ ಪ್ರಕಟಿಸಿದರು. ಒಂದೊಂದು ಪದಕ್ಕೆ ಇಷ್ಟು ಬೆಲೆ ಕೊಟ್ಟ ಊರುಗಳಲ್ಲಿ ನಾವು ವಾಸಿಸುತ್ತಿದ್ದೇವೆ.

ಮನೆಯವರ ಪಾತ್ರ

ಕೋಯಲಿಯ ತೈಲಾಗಾರದಲ್ಲಿ, ಹಜೀರಾದ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮುಗಿಸಿ ಬರುವ ತಂದೆಗೂ, ಮನೆ-ಕಚೇರಿ ಎರಡನ್ನೂ ನಿರ್ವಹಿಸುವ ತಾಯಿಗೂ ಸಮಯವು ಕಡಿಮೆಯೆಂಬುದನ್ನು ಬಲ್ಲೆವು. ಆದುದರಿಂದ ವಾರಕ್ಕೆ ಒಂದು ದಿನ, ಏಕಾದಶಿಯೋ ಭಾನುವಾರವೋ, ಅರ್ಧ ಗಂಟೆ ಸಾಕು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಲಿಪಿ ಬಾರದು. ಆದರೆ ದೇವನಾಗರಿ ಬರುತ್ತದೆ. ಮಗುವು ದೇವನಾಗರಿಯಲ್ಲಿ ಮೂಲವನ್ನು ಓದಲಿ, ಅಜ್ಜಿಯು ಕನ್ನಡದಲ್ಲಿ ಅರ್ಥವನ್ನು ಹೇಳಲಿ. ಇಬ್ಬರಿಗೂ ತಿಳಿಯದ ಕಡೆ ಗುರುತು ಹಾಕಿ ವಿದ್ವಾಂಸರನ್ನು ಕೇಳಲಿ. ಹೀಗೆ ಮಾಡಿದರೆ ಶಾಲೆಯ ಪಾಠದ ಜೊತೆಗೆ ಮನೆಯ ಭಾಷೆಯೂ ಉಳಿಯುತ್ತದೆ. ಆರಂಭಕ್ಕೆ 20 ಶ್ಲೋಕಗಳಷ್ಟೇ ಇರುವ 15ನೆಯ ಅಧ್ಯಾಯವು ಅನುಕೂಲ.

ಶ್ರೀಮನ್ನ್ಯಾಯಸುಧೆಯನ್ನು ಓದಿದ ವಿದ್ಯಾರ್ಥಿಗಳು ಇಂದಿಗೂ ವಿದ್ವತ್ಸಭೆಯಲ್ಲಿ ಎದ್ದು ನಿಂತು ಬಾಯಿಯಲ್ಲಿಯೇ ಪರೀಕ್ಷೆ ಕೊಡುತ್ತಾರೆ. ಅಲ್ಲಿ ಗೈಡು ಜೊತೆಗೆ ಬರುವುದಿಲ್ಲ. ಓದಿದ್ದು ಮಾತ್ರ ಬರುತ್ತದೆ. ಜೀವನದ ಹೆಚ್ಚಿನ ಪರೀಕ್ಷೆಗಳೂ ಇದೇ ಬಗೆಯವು. ನಮ್ಮ ಮಕ್ಕಳು ಮೂಲವನ್ನು ತೆರೆಯುವ ಧೈರ್ಯವನ್ನು ಪಡೆಯಲೆಂದು ಶ್ರೀಹರಿವಾಯುಗುರುಗಳಲ್ಲಿ ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.