ಅಗ್ಗದ ಇಯರ್‌ಬಡ್‌ಗಳ ಧ್ವನಿ ಗುಣಮಟ್ಟ: ಖರೀದಿಗೆ ಮುನ್ನ ವರ್ತಕರು ನಡೆಸಬೇಕಾದ ಪರೀಕ್ಷೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅನುಭವಸ್ಥ ರೀಲರು ಗೂಡನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಒತ್ತಿ, ಕಿವಿಯ ಬಳಿ ಕುಲುಕಿದ ಅನಂತರವೇ ಬೆಲೆ ಹೇಳುತ್ತಾನೆ. ಒಳಗಿನ ಹುಳು ಕರಗಿದ್ದರೆ ಗೂಡು ಸದ್ದು ಮಾಡುವುದಿಲ್ಲ. ಸದ್ದನ್ನೇ ಮಾರುವ ಸರಕಾದ ಇಯರ್‌ಬಡ್‌ಗಳ ಖರೀದಿಯಲ್ಲಿ ಮಾತ್ರ ಈ ಎಚ್ಚರ ಅಪರೂಪ. ಬೆಲೆಪಟ್ಟಿ ಹಾಗೂ ಪೆಟ್ಟಿಗೆಯ ಅಂದವನ್ನು ನೋಡಿ ಸರಕು ತರುವ ವರ್ತಕನು ಅದರ ಪರಿಣಾಮವನ್ನು ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುತ್ತಾನೆ.

ಲೆಕ್ಕ ಹೇಳುವ ಪಾಠ

ಮಾಗಡಿ ತಾಲ್ಲೂಕಿನ ಕೆಂಪಾಪುರದಂತಹ ಗ್ರಾಮದಲ್ಲಿ ಮೊಬೈಲ್ ಪರಿಕರಗಳ ಅಂಗಡಿಯವರೊಬ್ಬರು ತೆರಿಗೆ ಹೊರತಾಗಿ ತಲಾ ರೂ. 400ರಂತೆ 50 ನಗ ತಂದು, ರೂ. 520ರಂತೆ ಮಾರುತ್ತಾರೆಂದು ಭಾವಿಸೋಣ. ನಿರೀಕ್ಷಿತ ಲಾಭ ರೂ. 6,000. ಧ್ವನಿ ಸರಿಯಿಲ್ಲವೆಂದು 8 ನಗ ಹಿಂದಿರುಗಿ, ಸಗಟು ವ್ಯಾಪಾರಿ ಅವನ್ನು ಮರಳಿ ಪಡೆಯದಿದ್ದರೆ, 42 ನಗಗಳ ಮಾರಾಟ ರೂ. 21,840, ಖರೀದಿ ವೆಚ್ಚ ರೂ. 20,000, ಉಳಿದದ್ದು ರೂ. 1,840 ಮಾತ್ರ. ಆ 8 ನಗಗಳನ್ನು ಲೆಕ್ಕದಿಂದ ತೆಗೆದುಹಾಕಿದಲ್ಲಿ, ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಪ್ರಕಾರ ಅವುಗಳ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಶೇ. 18ರಂತೆ ರೂ. 576 ಕಳೆದರೆ ಕೈಗೆ ಸಿಗುವುದು ರೂ. 1,264. ಪಟ್ಟಣದಲ್ಲಿ ಅಪರಿಚಿತ ಗ್ರಾಹಕನು ಸುಮ್ಮನಾಗಬಹುದು. ಹಳ್ಳಿಯಲ್ಲಿ ಕೊಂಡವನು ನೆರೆಮನೆಯವನು. ಅವನ ವಸ್ತುವನ್ನು ಹಿಂದಕ್ಕೆ ಪಡೆಯದೆ ಅಂಗಡಿ ನಡೆಯದು.

ಪೆಟ್ಟಿಗೆಯ ಬರಹದ ಮಿತಿ

ನಿಸ್ತಂತು ಇಯರ್‌ಬಡ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅನ್ವಯಿಸುತ್ತದೆ. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಸಂಖ್ಯೆಯಿಲ್ಲದ ಸರಕನ್ನು ಕೊಳ್ಳಲಾಗದು. ಆದರೆ ಈ ನೋಂದಣಿ ಸುರಕ್ಷತೆಗೆ ಸಂಬಂಧಿಸಿದ್ದೇ ಹೊರತು ಧ್ವನಿಯ ಸೊಗಸಿಗಲ್ಲ. ‘20ರಿಂದ 20,000 ಹರ್ಟ್ಸ್’ ಎಂಬ ಬರಹವೂ ಅಷ್ಟೆ: ಅದು ಮನುಷ್ಯನ ಶ್ರವಣದ ಸಾಮಾನ್ಯ ವ್ಯಾಪ್ತಿ, ಆ ವ್ಯಾಪ್ತಿಯಲ್ಲಿ ಯಾವ ಸ್ವರ ಉಬ್ಬಿದೆ, ಯಾವುದು ಕುಗ್ಗಿದೆ ಎಂಬುದನ್ನು ಅದು ತಿಳಿಸದು. ಡ್ರೈವರ್‌ನ ಗಾತ್ರ ದೊಡ್ಡದಾದ ಮಾತ್ರಕ್ಕೆ ಧ್ವನಿ ಉತ್ತಮವೆಂದೂ ಹೇಳಲಾಗದು.

ಕಿವಿಯ ಪರೀಕ್ಷೆ

1. ಮಾದರಿ: ಮಾರಾಟ ಪ್ರತಿನಿಧಿ ಕೊಡುವ ಒಂದೇ ನಗವನ್ನು ನಂಬದೆ, ಬೇರೆ ಬೇರೆ ಪೆಟ್ಟಿಗೆಗಳಿಂದ ಕನಿಷ್ಠ ಮೂರನ್ನು ತೆಗೆಯಬೇಕು. ಅಗ್ಗದ ಸರಕಿನಲ್ಲಿ ಒಂದರಂತೆ ಇನ್ನೊಂದು ಇಲ್ಲದಿರುವುದೇ ಮುಖ್ಯ ದೋಷ.

2. ಹೊಂದಿಕೆ: ಕಿವಿಗೆ ಸರಿಹೊಂದುವ ರಬ್ಬರ್ ತುದಿಯನ್ನು ಆರಿಸಬೇಕು. ಸಂದು ಉಳಿದರೆ ಮಂದ್ರ ಸ್ವರ ಸೋರಿ ಹೋಗುತ್ತದೆ. ಒಳ್ಳೆಯ ವಸ್ತುವೂ ಕೆಟ್ಟದ್ದೆನಿಸುತ್ತದೆ.

3. ಸಮಾನ ಗಟ್ಟಿತನ: ಒಂದೇ ಫೋನು, ಒಂದೇ ಧ್ವನಿಮುದ್ರಣ ಇರಲಿ, ಈಕ್ವಲೈಸರ್ ಬಳಸಬಾರದು. ಎರಡು ವಸ್ತುಗಳಲ್ಲಿ ಗಟ್ಟಿಯಾಗಿ ಕೇಳುವುದೇ ಉತ್ತಮವೆಂದು ಕಿವಿ ಮೋಸ ಹೋಗುತ್ತದೆ. ಆದುದರಿಂದ ಗಟ್ಟಿತನವನ್ನು ಸಮಗೊಳಿಸಿಯೇ ಹೋಲಿಸಬೇಕು. ಬೆಲೆ, ಹೆಸರು ಕೇಳುವವನಿಗೆ ತಿಳಿಯದಿರಲಿ.

4. ಮಾತು: ಕನ್ನಡ ವಾರ್ತೆಯನ್ನು ಕೇಳಬೇಕು. ‘ಸ’, ‘ಶ’ಗಳು ಸೀಟಿಯಂತೆ ಚುಚ್ಚಬಾರದು, ‘ನ’, ‘ಮ’ಗಳು ಬೆರೆಯಬಾರದು. ವಾರ್ತಾವಾಚಕರ ದನಿ ತಲೆಯ ನಡುವೆ ಕೇಳಿಸಬೇಕು. ಒಂದು ಪಕ್ಕಕ್ಕೆ ಸರಿದರೆ ಎಡ-ಬಲ ಹೊಂದಿಲ್ಲವೆಂದು ತಿಳಿಯಬೇಕು.

5. ಸಂಗೀತ: ಡೊಳ್ಳಿನ ಪೆಟ್ಟು ಗುಂಯ್‌ಗುಡದೆ ಅಚ್ಚುಕಟ್ಟಾಗಿ ನಿಲ್ಲಬೇಕು. ಮೃದಂಗದ ಹಿಂದೆ ತಂಬೂರಿಯ ಶ್ರುತಿ ಮರೆಯಾಗಬಾರದು.

6. ಕರೆ: ರಸ್ತೆಬದಿ ನಿಂತು ಕರೆ ಮಾಡಿ, ಆ ತುದಿಯವರಿಗೆ ಮಾತು ಸ್ಪಷ್ಟವೇ ಎಂದು ವಿಚಾರಿಸಬೇಕು. ವಿಡಿಯೊದಲ್ಲಿ ತುಟಿಯ ಚಲನೆಗೂ ಮಾತಿಗೂ ಅಂತರವಿದೆಯೇ ಎಂಬುದನ್ನೂ ನೋಡಬೇಕು.

ಗಟ್ಟಿ ಧ್ವನಿಯ ಪರೀಕ್ಷೆ ಕೆಲವು ಕ್ಷಣಗಳಿಗೆ ಸೀಮಿತವಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ ಕೇಳಲು 80 ಡೆಸಿಬಲ್ ಸುರಕ್ಷಿತ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ‘ಭಾರೀ ಸೌಂಡು’ ಎಂಬುದನ್ನೇ ಹೊಗಳಿ ಮಾರುವವರು ಇದನ್ನು ಮರೆಯಬಾರದು.

ದಾಖಲೆ ಮತ್ತು ಕರಾರು

ಪರೀಕ್ಷೆಯ ಫಲವನ್ನು ದಿನಾಂಕ, ಮಾದರಿ ಹೆಸರು, ಸರಬರಾಜುದಾರರ ಹೆಸರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಚೆನ್ನಾಗಿ ಹೊರಹೊಮ್ಮಿದ ಒಂದು ನಗವನ್ನು ಮಾರದೆ ಮುಂದಿನ ಖರೀದಿಗೆ ಅಳತೆಗೋಲಾಗಿ ಉಳಿಸಿಕೊಳ್ಳುವುದು ಲೇಸು. ದೋಷಯುಕ್ತ ನಗಗಳನ್ನು ಎಷ್ಟು ದಿನಗಳೊಳಗೆ ಹಿಂದಿರುಗಿಸಬಹುದು, ಅವುಗಳಿಗೆ ಕ್ರೆಡಿಟ್ ನೋಟ್ ದೊರೆಯುವುದೇ ಎಂಬುದನ್ನು ಹಣ ಪಾವತಿಗೆ ಮುನ್ನ ಲಿಖಿತವಾಗಿ ಪಡೆಯಬೇಕು. ವರ್ಷಾಂತ್ಯದಲ್ಲಿ ಹಿಂದಿರುಗಿದ ಸರಕನ್ನು ಖರೀದಿ ಬೆಲೆಗೇ ದಾಸ್ತಾನಿನಲ್ಲಿ ತೋರಿಸುವುದು ಸರಿಯಲ್ಲ. ವೆಚ್ಚ ಅಥವಾ ಮಾರಿದರೆ ಸಿಗುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದೇ ಅದರ ಮೌಲ್ಯ.

ಮೇಲಿನ ಪರೀಕ್ಷೆ ಪ್ರಯೋಗಾಲಯದ ಮಾಪನಕ್ಕೆ ಸಮನಲ್ಲ. ಆದರೂ ಇದಕ್ಕೆ ಬೇಕಾದದ್ದು ಅರ್ಧ ಗಂಟೆ, ಒಂದು ಫೋನು ಮತ್ತು ಪಕ್ಷಪಾತವಿಲ್ಲದ ಕಿವಿ. ಮೇಲಿನ ಉದಾಹರಣೆಯಲ್ಲಿ ಈ ಅರ್ಧ ಗಂಟೆಯ ಬೆಲೆ ರೂ. 4,736. ಗೂಡನ್ನು ಕುಲುಕದೆ ಕೊಳ್ಳದ ನಾಡಿನ ವರ್ತಕರು ಇಯರ್‌ಬಡ್ಡನ್ನೂ ಕೇಳದೆ ಕೊಳ್ಳದಿರುವುದು ವಿವೇಕ.